ಪಾಳಿ ಬದಲಿನ ಚೀಟಿ

ಬೊಳ್ಳಮ್ಮ,
ಬ್ಯಾಚ್ ದಾಖಲೆಗೆ ಸೇರಬೇಕಾದ್ದೆಲ್ಲ ಸೇರಿದೆ,
ನೀಲಿ ಶಾಯಿಯಲ್ಲಿ, ಅಂಕಿಗೊಂದು ಸಹಿ.
ಇದು ಅಲ್ಲಿ ಹಿಡಿಸದೆ ಉಳಿದದ್ದು.
ಓದಿ ಹರಿದುಬಿಡು.

ಯೀಸ್ಟ್ ಚೆನ್ನಾಗಿದೆ.
ಐದು ಲೀಟರಿನ ಗಾಜಿನ ಹೊಟ್ಟೆಯೊಳಗೆ
ಮೂವತ್ತು ಡಿಗ್ರಿಯಲ್ಲಿ ಬೆಚ್ಚಗೆ ತಿರುಗುತ್ತಿದೆ.
ಈಚೆ, ಚಿಕ್ಕ ಅಳುವಾರದ ಗುಡ್ಡದ ಮೇಲೆ, ಜನವರಿಯಲ್ಲಿ,
ನಾನು ಎರಡು ಸ್ವೆಟರು, ಅದರ ಮೇಲೆ ಬಿಳಿ ಕೋಟು.
ಯಾರು ಯಾರನ್ನು ಸಾಕುತ್ತಿದ್ದಾರೆ ಎಂದು
ಹನ್ನೊಂದರ ಹೊತ್ತಿಗೇ ಅನುಮಾನ ಬಂತು.

ಹನ್ನೆರಡೂಕಾಲಿಗೆ ನೊರೆ ಎದ್ದಿತು.
ಆಂಟಿಫೋಮ್ ಎರಡೇ ಹನಿ, ತಗ್ಗಿತು.
ಹಾಲಿಗೂ ಇಂಥದ್ದೊಂದು ಇದ್ದಿದ್ದರೆ
ಉಮ್ಮನ ಬೈಗುಳದಲ್ಲಿ ಅರ್ಧ ಉಳಿಯುತ್ತಿತ್ತು.

ಒಂದೂವರೆಗೆ ಕರೆಂಟು ಹೋಯಿತು.
ಯುಪಿಎಸ್‌ನಿಂದ ಪರದೆಗಷ್ಟೇ ಜೀವ, ಗಾಳಿಯ ಪಂಪಿಗಿಲ್ಲ.
ಟಾರ್ಚು ಹಿಡಿದು ಜನರೇಟರಿನ ಕಡೆ ಓಡಿದೆ.
ಕುಟ್ಟಪ್ಪಣ್ಣ ಕಂಬಳಿಯಿಂದ ಹೊರಬರಲು ನಾಲ್ಕು ನಿಮಿಷ.
ಮರಳಿ ನೋಡಿದರೆ ಆಮ್ಲಜನಕದ ಗೆರೆ
ಕತ್ತಲಲ್ಲಿ ಮೆಟ್ಟಿಲು ತಪ್ಪಿದವರ ಹಾಗೆ
ಇಳಿದು, ಇಳಿದು, ಹನ್ನೊಂದರಲ್ಲಿ ಕೈ ಊರಿ ನಿಂತಿತ್ತು.
ಅದು ದಾಖಲೆಯಲ್ಲಿದೆ.
ನನ್ನ ಎದೆ ಬಡಿದುಕೊಂಡದ್ದಕ್ಕೆ ಅಲ್ಲಿ ಕಾಲಂ ಇಲ್ಲ.

ಈಗ ಮೂರು ಗಂಟೆಯ ವಿಷಯ.
ಪುಟ ಹನ್ನೊಂದು, ಏಳನೆಯ ಸಾಲು.
ನಿದ್ದೆ ಹೋದೆ ಕಣೇ,
ಕುರ್ಚಿಯಲ್ಲೇ, ಪಿಪೆಟ್ ಕೈಯಲ್ಲೇ.
ಕಣ್ಣು ಬಿಟ್ಟಾಗ ಮೂರು ಐವತ್ತು.
ಎರಡರ ಅಳತೆ ಹದಿನೆಂಟು, ನಾಲ್ಕರದ್ದು ಇಪ್ಪತ್ತಾರು.
ನಡುವೆ ಇಪ್ಪತ್ತೆರಡು ಎಂದು ಇಟ್ಟುಬಿಟ್ಟಿದ್ದರೆ
ಗೆರೆ ಎಷ್ಟು ನುಣುಪಾಗಿ ಏರುತ್ತಿತ್ತು!
ವಾರಿಜಾ ಮೇಡಂಗಿರಲಿ, ಯೀಸ್ಟಿಗೂ ಗೊತ್ತಾಗುತ್ತಿರಲಿಲ್ಲ.
ಪೆನ್ನಿನ ಮುಚ್ಚಳ ತೆಗೆದಿದ್ದೆ.
ಮೊದಲ ಎರಡರ ಕೊರಳು ಬಾಗಿಸಿಯೂ ಆಗಿತ್ತು.

ಆಗ ನೆನಪಾದದ್ದು ತರಗತಿಯ ಪಾಠವಲ್ಲ.
ಸುಂಟಿಕೊಪ್ಪದಾಚೆ ತೋಟದ ಪಲ್ಪರ್ ಮನೆ.
ಉಪ್ಪ ತೊಟ್ಟಿಯ ಬೀಜದ ರಾಶಿಗೆ ಕೋಲು ಚುಚ್ಚಿ ಎಳೆಯುತ್ತಾರೆ:
ತೂತು ಮುಚ್ಚಿಕೊಂಡರೆ ಲೋಳೆ ಇನ್ನೂ ಬಿಟ್ಟಿಲ್ಲ,
ತೂತು ಹಾಗೇ ನಿಂತರೆ ತೊಳೆಯಬಹುದು.
ಹೊಸ ರೈಟರು ಒಮ್ಮೆ ಕೇಳಿದ್ದ,
ಗಡಿಯಾರ ಇದೆಯಲ್ಲ ಕಾಕಾ, ಕೋಲೇಕೆ?
ಉಪ್ಪ ಕೋಲನ್ನು ಅವನ ಕೈಗೆ ಕೊಟ್ಟು
ಬೀಡಿ ಹಚ್ಚಲು ಹೊರಗೆ ಹೋದರು.

ಆ ಅರ್ಧ ಎರಡನ್ನು ಒಂದೇ ಗೆರೆಯಿಂದ ಹೊಡೆದಿದ್ದೇನೆ,
ಅಡಿಯಲ್ಲಿದ್ದದ್ದು ಕಾಣುವ ಹಾಗೆ.
ಸಹಿ, ತಾರೀಖು. ಕಾರಣ: ನಿದ್ದೆ.
ಸಾಲು ತೂತಾಗಿಯೇ ನಿಂತಿದೆ.
ಮೇಡಂ ಕೇಳಿದರೆ ನಾನೇ ಹೇಳುತ್ತೇನೆ, ನೀನು ಬಾಯಿ ಹಾಕಬೇಡ.
ಸೋಮವಾರ ಕಂಪನಿಯವರು ಬರುತ್ತಾರೆ,
ಅವರು ಕೇಳಿದರೂ ಹೇಳುತ್ತೇನೆ.
ಆಮೇಲೆ ಕೆಲಸ ಕೊಡುವುದು ಬಿಡುವುದು ಅವರ ಪಾಡು.

ಉಮ್ಮಾಮನ ಇನ್ಸುಲಿನ್ ಸೀಸೆ ನೋಡಿದ್ದೀಯಲ್ಲ,
ಫ್ರಿಜ್ಜಿನ ಬಾಗಿಲಲ್ಲಿ, ಉಪ್ಪಿನಕಾಯಿ ಪಕ್ಕ?
ಅದರ ಮೇಲಿನ ಬ್ಯಾಚ್ ನಂಬರನ್ನು
ಚಿಕ್ಕವಳಿದ್ದಾಗ ಲಾಟರಿ ನಂಬರೆಂದೇ ತಿಳಿದಿದ್ದೆ.
ಪೇಪರಿನಲ್ಲಿ ಹುಡುಕುತ್ತಿದ್ದೆ, ಎಂದೂ ಸಿಗುತ್ತಿರಲಿಲ್ಲ.
ಮೂರು ಐವತ್ತಕ್ಕೆ ಅದೂ ನೆನಪಾಯಿತು, ಏಕೋ.

ಇನ್ನು ನಿನ್ನ ಕೆಲಸ:
ಅಮೋನಿಯಾ ಬಾಟಲಿ ಕಾಲು ಭಾಗ ಉಳಿದಿದೆ, ಏಳಕ್ಕೆ ಬದಲಿಸು.
ಒಂಬತ್ತಕ್ಕೆ ಮೆಥನಾಲ್, ತೊಟ್ಟು ತೊಟ್ಟಾಗಿ.
ಹೊಸ ಊಟಕ್ಕೆ ಒಗ್ಗಲು ಅದಕ್ಕೂ ಹೊತ್ತು ಬೇಕು;
ಹಾಸ್ಟೆಲಿನ ಮೊದಲ ವಾರ ನೀನು ಅತ್ತದ್ದು ನೆನಪಿಸಿಕೋ.
ಫ್ಲಾಸ್ಕಿನಲ್ಲಿ ಕಟ್ಟನ್ ಚಾ ಇದೆ, ಬೆಲ್ಲ ಜಾಸ್ತಿ.

ನಿನ್ನ ದಾರಿಯಲ್ಲಿ ಆನೆ ನಿಂತಿದೆಯಂತೆ,
ಕುಟ್ಟಪ್ಪಣ್ಣನಿಗೆ ಫೋನು ಬಂತು.
ಓಡಿ ಬರಬೇಡ.
ಅದು ದಾಟುವ ತನಕ ನಾನು ಎದ್ದಿರುತ್ತೇನೆ, ನಿಂತುಕೊಂಡೇ.
ತಡವಾದ ಕಾರಣದ ಕಾಲಮ್ಮಿನಲ್ಲಿ
ಆನೆ ಎಂದೇ ಬರೆ.

ಐದಾಯಿತು. ಸ್ಯಾಂಪಲ್ ತೆಗೆಯಬೇಕು.
ರಂಸೀನಾ